ಬೆರೆತ ಕಸವೇ ವಿಷ: ತ್ಯಾಜ್ಯದ ಮೂಲಗಳೂ ಮಹಾನಗರದ ಆರೋಗ್ಯವೂ

ಹಿತ್ತಲಿನಲ್ಲಿ ತಿಪ್ಪೆಯಿಲ್ಲದ ಮನೆಯು ಹಿಂದಿನ ಕಾಲದ ಹಳ್ಳಿಗಳಲ್ಲಿ ಅಪರೂಪವಾಗಿತ್ತು. ಕೊಟ್ಟಿಗೆಯ ಸಗಣಿ, ಒಲೆಯ ಬೂದಿ, ತರಕಾರಿಯ ಸಿಪ್ಪೆ, ಅಂಗಳದ ತರಗೆಲೆ, ಉಂಡೆದ್ದ ಬಾಳೆಯೆಲೆ ಇವೆಲ್ಲವೂ ಅಲ್ಲಿ ಸೇರಿ, ಕೊಳೆತು, ಮಳೆಗಾಲದ ಹೊತ್ತಿಗೆ ಗೊಬ್ಬರವಾಗಿ ಹೊಲಗದ್ದೆಗಳಿಗೆ ಹೋಗುತ್ತಿದ್ದವು. ತಿಪ್ಪೆಯೆಂಬ ಮಾತು ಬೈಗುಳದಲ್ಲಿ ಬಳಕೆಯಾದರೂ ಒಕ್ಕಲು ಮನೆತನಕ್ಕೆ ಅದೊಂದು ಆಸ್ತಿಯೇ ಆಗಿತ್ತು. ಆ ಮನೆಯ ಮಕ್ಕಳು ಉದ್ಯೋಗವನ್ನರಸಿ ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳಿಗೆ ಬಂದು, ಚಾಳಿನ ಖೋಲಿಯಲ್ಲೋ ಬಹುಮಹಡಿ ಕಟ್ಟಡದ ಫ್ಲ್ಯಾಟಿನಲ್ಲೋ ಸಂಸಾರ ಹೂಡಿದಾಗ ಹಿತ್ತಲೂ ಇಲ್ಲ, ತಿಪ್ಪೆಯೂ ಇಲ್ಲ. ಬೆಳಿಗ್ಗೆ ಬಾಗಿಲ ಹೊರಗಿಟ್ಟ ಡಬ್ಬವನ್ನು ಯಾರೋ ಬಂದು ಬರಿದು ಮಾಡಿ ಹೋಗುತ್ತಾರೆ. ಮನೆಯವರ ಪಾಲಿಗೆ ಕಸದ ಕಥೆ ಅಲ್ಲಿಗೆ ಮುಗಿಯಿತು. ವಾಸ್ತವವಾಗಿ ಅದು ಆರಂಭವಾಗುವುದೇ ಅಲ್ಲಿಂದ.

ಹಾಗೆ ಹೊರಟ ಕಸವು ಎಲ್ಲಿಗೆ ಹೋಗುತ್ತದೆ? ಮುಂಬಯಿಯಲ್ಲಿ 1927ರಿಂದ ಅದನ್ನು ಸುರಿಯುತ್ತ ಬಂದುದು ಠಾಣೆ ಖಾಡಿಯ ದಂಡೆಯಲ್ಲಿರುವ ದೇವನಾರಿನಲ್ಲಿ. ದಿಲ್ಲಿಯಲ್ಲಿ 1984ರಿಂದ ಗಾಜೀಪುರದಲ್ಲಿ ಸುರಿದ ಕಸವು ಗುಡ್ಡವಾಗಿ ಬೆಳೆದು, 2017ರ ಸೆಪ್ಟೆಂಬರ್ 1ರಂದು ಅದರ ಒಂದು ಪಾರ್ಶ್ವವೇ ಕುಸಿದು ರಸ್ತೆಯಲ್ಲಿದ್ದವರನ್ನು ಪಕ್ಕದ ಕಾಲುವೆಗೆ ತಳ್ಳಿತು. ಇಬ್ಬರು ಪ್ರಾಣ ಕಳೆದುಕೊಂಡರು. ಚೆನ್ನೈಯ ಪೆರುಂಗುಡಿಯ ಕಸದ ರಾಶಿಯು ಪಳ್ಳಿಕರಣೈ ಎಂಬ ಅಮೂಲ್ಯವಾದ ಜೌಗುಭೂಮಿಯನ್ನು ನುಂಗುತ್ತ ಬಂದಿತು. ಬೆಂಗಳೂರಿನ ಕಸವನ್ನು ಹೊತ್ತ ಮಂಡೂರಿನ ಗ್ರಾಮಸ್ಥರು ದೀರ್ಘಕಾಲ ಹೋರಾಡಿದ ಮೇಲೆ 2014ರ ಕೊನೆಯಲ್ಲಿ ಅಲ್ಲಿ ಕಸ ಸುರಿಯುವುದು ನಿಂತಿತು.

ಹಳ್ಳಿಯ ತಿಪ್ಪೆಗೂ ನಗರದ ಈ ಗುಡ್ಡಗಳಿಗೂ ಇರುವ ಅಂತರವು ಕೇವಲ ಗಾತ್ರದ್ದಲ್ಲ. ತಿಪ್ಪೆಯನ್ನು ಸೇರುತ್ತಿದ್ದುದೆಲ್ಲವೂ ಬಹುಪಾಲು ಒಂದೇ ಜಾತಿಯ ವಸ್ತು. ಮಣ್ಣಿನಿಂದ ಬಂದು ಮಣ್ಣಿಗೇ ಮರಳತಕ್ಕದ್ದು. ನಗರದ ಗುಡ್ಡದಲ್ಲಿಯಾದರೋ ಅನ್ನದ ಜೊತೆಗೆ ಪ್ಲಾಸ್ಟಿಕ್ಕು, ಸಿಪ್ಪೆಯ ಜೊತೆಗೆ ಸೂಜಿ, ಕಾಗದದ ಜೊತೆಗೆ ಪಾದರಸ ಎಲ್ಲವೂ ಕಲಸಿಹೋಗಿರುತ್ತವೆ. ಬೇರೆಬೇರೆಯಾಗಿದ್ದಾಗ ಪ್ರತಿಯೊಂದಕ್ಕೂ ತಕ್ಕ ವಿಲೇವಾರಿಯಿದೆ. ಬೆರೆತಾಗ ಯಾವುದಕ್ಕೂ ಇಲ್ಲ. ಆದುದರಿಂದ ತ್ಯಾಜ್ಯದ ಬೇರೆ ಬೇರೆ ಬಗೆಗಳು ಯಾವುವು, ಅವು ಎಲ್ಲಿ ಹುಟ್ಟುತ್ತವೆ, ನೆಲ ಜಲ ವಾಯುಗಳಿಗೂ ಮನುಷ್ಯನ ದೇಹಕ್ಕೂ ಅವು ಮಾಡುವ ಹಾನಿಯೇನು ಎಂಬುದನ್ನು ಅರಿಯುವುದು ನಗರವಾಸಿಗಳ ಆರೋಗ್ಯದ ದೃಷ್ಟಿಯಿಂದ ಅವಶ್ಯಕವಾಗಿದೆ.

ಅಡಿಗೆಮನೆಯ ಹಸಿಕಸ

ಭಾರತದ ನಗರಗಳ ಕಸದಲ್ಲಿ ತೂಕದ ಲೆಕ್ಕಕ್ಕೆ ಸುಮಾರು ಅರ್ಧದಷ್ಟು ಭಾಗ ಹಸಿಕಸವೇ ಆಗಿದೆ. ಅಡಿಗೆಮನೆ, ಖಾನಾವಳಿ, ಉಡುಪಿ ಹೋಟೆಲು, ಕಲ್ಯಾಣಮಂಟಪ, ತರಕಾರಿ ಮಾರುಕಟ್ಟೆ, ಮೀನು ಮಾಂಸದ ಅಂಗಡಿ, ದೇವಾಲಯದ ಹೂಮಾಲೆ ಇವು ಅದರ ಉಗಮಸ್ಥಾನಗಳು. ಇದು ಸ್ವಭಾವತಃ ನಿರುಪದ್ರವಿ. ಗಾಳಿಯಾಡುವಂತೆ ಇಟ್ಟರೆ ಸೂಕ್ಷ್ಮಜೀವಿಗಳು ಇದನ್ನು ಕೆಲವು ವಾರಗಳಲ್ಲಿ ಮಣ್ಣಿನ ವಾಸನೆಯ ಕಪ್ಪು ಗೊಬ್ಬರವಾಗಿ ಮಾರ್ಪಡಿಸುತ್ತವೆ.

ಆದರೆ ಅದೇ ಸಿಪ್ಪೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಗಂಟುಹಾಕಿ, ಹತ್ತಾರು ಅಡಿ ಕಸದ ಕೆಳಗೆ ಹೂತರೆ ಗಾಳಿಯ ಸಂಪರ್ಕ ತಪ್ಪುತ್ತದೆ. ಆಗ ಕೆಲಸಕ್ಕೆ ತೊಡಗುವುದು ಬೇರೊಂದು ಬಗೆಯ ಸೂಕ್ಷ್ಮಜೀವಿ. ಆಮ್ಲಜನಕವಿಲ್ಲದೆ ಬದುಕುವ ಇವು ಮೀಥೇನ್ ಅನಿಲವನ್ನು ಹೊರಗೆಡಹುತ್ತವೆ. ಭೂಮಿಯ ಶಾಖವನ್ನು ಹಿಡಿದಿಡುವ ಶಕ್ತಿಯಲ್ಲಿ ಈ ಅನಿಲವು ನೂರು ವರ್ಷಗಳ ಅವಧಿಯ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಪ್ರಬಲವಾದುದು. ಅಷ್ಟೇ ಅಲ್ಲ, ಅದು ಸುಲಭವಾಗಿ ಹೊತ್ತಿಕೊಳ್ಳುತ್ತದೆ. 2016ರ ಜನವರಿಯ ಕೊನೆಯಲ್ಲಿ ದೇವನಾರಿನ ಕಸಕ್ಕೆ ಬೆಂಕಿ ಬಿದ್ದಾಗ ಅದು ಹಲವು ದಿನ ಉರಿಯಿತು. ಅದರ ಹೊಗೆಯು ಉಪಗ್ರಹದ ಚಿತ್ರಗಳಲ್ಲಿಯೂ ಕಾಣಿಸಿಕೊಂಡಿತು. ಸುತ್ತಲಿನ ನಗರಪಾಲಿಕೆಯ ಶಾಲೆಗಳಿಗೆ ರಜೆ ಕೊಡಬೇಕಾಯಿತು. ಕೆಳಗೆ ಮೀಥೇನು, ಮೇಲೆ ಪ್ಲಾಸ್ಟಿಕ್ಕು ಮತ್ತು ಚಿಂದಿ. ಒಲೆ, ಸೌದೆಗಳೆರಡನ್ನೂ ನಗರವೇ ಒದಗಿಸಿದಂತಾಗಿತ್ತು.

ಹಸಿಕಸದಿಂದ ಒಸರುವ ರಸವು ಇನ್ನೊಂದು ಕೇಡು. ಮಳೆನೀರು ಬೆರೆತ ಈ ಕಪ್ಪು ರಸವು ರಾಶಿಯೊಳಗೆ ಇಳಿಯುವಾಗ ಹಾದಿಯಲ್ಲಿ ಸಿಕ್ಕಿದ ಬ್ಯಾಟರಿ, ಬಣ್ಣ, ಔಷಧಗಳಲ್ಲಿನ ಲೋಹ ರಾಸಾಯನಿಕಗಳನ್ನು ಕರಗಿಸಿಕೊಂಡು ಅಂತರ್ಜಲವನ್ನು ಸೇರುತ್ತದೆ. ಬರಿಯ ಸಿಪ್ಪೆಯ ರಸವಾಗಿದ್ದರೆ ಇಷ್ಟು ಭಯಕ್ಕೆ ಕಾರಣವಿರಲಿಲ್ಲ. ಬೆರಕೆಯೇ ಅದಕ್ಕೆ ವಿಷವನ್ನು ಕೊಟ್ಟಿತು.

ಕೊಳೆತ ಆಹಾರವಿದ್ದಲ್ಲಿ ನೊಣ, ಜಿರಲೆ, ಇಲಿಗಳು ಬರುತ್ತವೆ. ನೊಣವು ತನ್ನ ಕಾಲುಗಳಲ್ಲಿ ಅತಿಸಾರದ ರೋಗಾಣುಗಳನ್ನು ಹೊತ್ತು ತಿಂಡಿಯ ಮೇಲೆ ಕೂರುತ್ತದೆ. ಇಲಿಯ ಮೂತ್ರದಿಂದ ಹರಡುವ ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿಜ್ವರವು, ನಿಂತ ಮಳೆನೀರಿನಲ್ಲಿ ಬರಿಗಾಲಿನಲ್ಲಿ ನಡೆದವರ ಚರ್ಮದ ಸಣ್ಣ ಗಾಯಗಳ ಮೂಲಕ ದೇಹವನ್ನು ಪ್ರವೇಶಿಸುತ್ತದೆ. ಪ್ಲೇಗಿನ ಹೆಸರೂ ಕನ್ನಡಿಗರಿಗೆ ಅಪರಿಚಿತವಲ್ಲ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡು 1898ರಲ್ಲಿ ಬೆಂಗಳೂರನ್ನು ಮುಟ್ಟಿದ ಆ ಮಾರಿಯ ನೆನಪು ನಾಡಿನ ಪ್ಲೇಗಮ್ಮನ ಗುಡಿಗಳಲ್ಲಿ ಇಂದಿಗೂ ಉಳಿದಿದೆ. ಅದೇ ರೋಗವು 1994ರ ಸೆಪ್ಟೆಂಬರಿನಲ್ಲಿ, ನೆರೆಯಿಳಿದ ಮೇಲೆ ಕಸ ತುಂಬಿಕೊಂಡಿದ್ದ ಸೂರತ್ ನಗರದಲ್ಲಿ ತಲೆಯೆತ್ತಿದಾಗ ಲಕ್ಷಾಂತರ ಜನ ಊರು ಬಿಟ್ಟು ಓಡಿದರು. ಮರುವರ್ಷ ಅಲ್ಲಿಗೆ ಬಂದ ಪಾಲಿಕೆಯ ಆಯುಕ್ತ ಎಸ್. ಆರ್. ರಾವ್ ಅವರು ದಿನನಿತ್ಯದ ಕಸವೆತ್ತುವಿಕೆಗೆ ಪ್ರಥಮ ಪ್ರಾಶಸ್ತ್ಯ ಕೊಟ್ಟು, ಅಧಿಕಾರಿಗಳನ್ನು ಬೀದಿಗಿಳಿಸಿ, ಎರಡೇ ವರ್ಷಗಳೊಳಗೆ ಆ ನಗರವನ್ನು ದೇಶದ ಸ್ವಚ್ಛ ನಗರಗಳ ಸಾಲಿಗೆ ತಂದರು. ಊರಿಗೆ ಊರೇ ಬದಲಾಗುವುದು ಸಾಧ್ಯವೆಂಬುದಕ್ಕೆ ಇದೊಂದು ನಿದರ್ಶನ.

ಒಣಕಸ ಮತ್ತು ಪ್ಲಾಸ್ಟಿಕ್ಕು

ಕಾಗದ, ರಟ್ಟು, ಗಾಜು, ತಗಡು, ಬಟ್ಟೆ, ಪ್ಲಾಸ್ಟಿಕ್ಕುಗಳು ಒಣಕಸದ ವರ್ಗಕ್ಕೆ ಸೇರಿದವು. ಅಂಗಡಿ, ಕಚೇರಿ, ಮನೆಗಳಿಗೆ ಬರುವ ಪ್ರತಿಯೊಂದು ಸಾಮಾನಿನ ಹೊದಿಕೆಯೇ ಇದರ ಮುಖ್ಯ ಮೂಲ. ಇವುಗಳಲ್ಲಿ ಹಲವಕ್ಕೆ ಬೆಲೆಯುಂಟು. ಊರಿನಲ್ಲಿ ಗುಜರಿಯವನು, ಮುಂಬಯಿಯಲ್ಲಿ ಭಂಗಾರ್‌ವಾಲಾ, ದಿಲ್ಲಿಯಲ್ಲಿ ಕಬಾಡಿವಾಲಾ, ಹೆಸರು ಏನೇ ಇರಲಿ, ತೂಗಿ ಕೊಳ್ಳುವವನು ಇದ್ದೇ ಇದ್ದಾನೆ. ಆದರೆ ಅವನು ಕೊಳ್ಳುವುದು ಒಣಗಿದ ಕಾಗದವನ್ನು ಮಾತ್ರ. ಸಾರು ಚೆಲ್ಲಿದ ಪತ್ರಿಕೆಯನ್ನು ಯಾವ ಕಾಗದದ ಗಿರಣಿಯೂ ಬಯಸುವುದಿಲ್ಲ. ಒಂದು ಲೋಟ ಉಳಿದ ಸಾರು ಒಂದು ಡಬ್ಬ ಒಣಕಸದ ಬೆಲೆಯನ್ನು ಕ್ಷಣದಲ್ಲಿ ಕಳೆಯಬಲ್ಲುದು.

ತೆಳುವಾದ ಪ್ಲಾಸ್ಟಿಕ್ ಚೀಲಗಳ ವಿಷಯ ಬೇರೆ. ಇವು ಹಗುರವಾದುದರಿಂದ ಆಯ್ದು ಮಾರಿದರೆ ಕೂಲಿಯೂ ಗಿಟ್ಟುವುದಿಲ್ಲ. ಆದುದರಿಂದ ಇವು ಗಾಳಿಯಲ್ಲಿ ಹಾರಿ ಚರಂಡಿ, ನಾಲೆಗಳನ್ನು ಸೇರುತ್ತವೆ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜಿನಲ್ಲಿ ಇಪ್ಪತ್ತನಾಲ್ಕು ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದುದನ್ನು ಕಂಡವರು ಮರೆತಿರಲಾರರು. ಅಂತಹ ಮಳೆಯನ್ನು ಯಾವ ಚರಂಡಿಯೂ ಪೂರ್ಣವಾಗಿ ತಾಳಲಾರದೆಂಬುದು ನಿಜವೇ ಆದರೂ, ಕಸದಿಂದ ಕಟ್ಟಿಕೊಂಡ ನಾಲೆಗಳೂ ಇಕ್ಕಟ್ಟಾದ ಮಿಠಿ ನದಿಯೂ ಸಂಕಟವನ್ನು ಹೆಚ್ಚಿಸಿದವು. ನೀರಿಳಿದ ಮೇಲೆ ನಗರದಲ್ಲಿ ಇಲಿಜ್ವರ ಹರಡಿತು. ಮಹಾರಾಷ್ಟ್ರವು 2018ರಲ್ಲಿ ಪ್ಲಾಸ್ಟಿಕ್ ಚೀಲಗಳ ಮೇಲೆ ವ್ಯಾಪಕವಾದ ನಿಷೇಧವನ್ನು ಹೇರಿತು; 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳು ದೇಶಾದ್ಯಂತ ನಿಷಿದ್ಧವಾದವು. ಆದರೆ ಕೊಳ್ಳುವವನು ಕೇಳದಿದ್ದರೆ ಮಾತ್ರ ಮಾರುವವನು ಕೊಡುವುದನ್ನು ನಿಲ್ಲಿಸುತ್ತಾನೆ.

ಬಯಲಿನಲ್ಲಿ ಬಿದ್ದ ಕಪ್ಪು, ಡಬ್ಬಿ, ಹಳೆಯ ಟೈರು, ಎಳನೀರಿನ ಚಿಪ್ಪುಗಳಲ್ಲಿ ಒಂದೆರಡು ಚಮಚೆ ಮಳೆನೀರು ನಿಂತರೂ ಡೆಂಗಿ ಜ್ವರದ ಈಡಿಸ್ ಸೊಳ್ಳೆಗೆ ಅಷ್ಟು ಸಾಕು. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಅದಕ್ಕೆ ಒಂದು ವಾರದಿಂದ ಹತ್ತು ದಿನ ಹಿಡಿಯುತ್ತದೆ. ನೀರು ಒಣಗಿದರೂ ಅದರ ಮೊಟ್ಟೆಗಳು ಪಾತ್ರೆಯ ಅಂಚಿಗೆ ಅಂಟಿಕೊಂಡು ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ. ಆದುದರಿಂದಲೇ ವಾರಕ್ಕೊಮ್ಮೆ ನೀರು ಚೆಲ್ಲಿದರಷ್ಟೇ ಸಾಲದು, ಪಾತ್ರೆಯ ಒಳಮೈಯನ್ನು ಉಜ್ಜಿ ತೊಳೆಯಬೇಕೆಂದು ವೈದ್ಯರು ಹೇಳುತ್ತಾರೆ.

ಕಸವನ್ನು ಕಣ್ಣೆದುರಿನಿಂದ ತೊಲಗಿಸಲು ಹಲವರು ಕಂಡುಕೊಂಡ ಉಪಾಯವೆಂದರೆ ಬೆಂಕಿಯಿಡುವುದು. ಚಳಿಗಾಲದಲ್ಲಿ ಕಾವಲುಗಾರರೂ ಬೀದಿ ಗುಡಿಸುವವರೂ ಇದನ್ನು ಮಾಡುವುದುಂಟು. ಒಣಎಲೆಯ ಹೊಗೆಯೇ ಶ್ವಾಸಕೋಶಕ್ಕೆ ಕೆಟ್ಟದ್ದು. ಅದರೊಡನೆ ಪಿ.ವಿ.ಸಿ. ಎಂಬ ಕ್ಲೋರಿನ್ ಸೇರಿದ ಪ್ಲಾಸ್ಟಿಕ್ಕು ಉರಿದರೆ ಡಯಾಕ್ಸಿನ್ ಎಂಬ ಘೋರ ವಿಷಗಳು ಹುಟ್ಟುತ್ತವೆ. ಇವು ಕ್ಯಾನ್ಸರಿಗೆ ಕಾರಣವಾಗಬಲ್ಲವು. ಕೊಬ್ಬಿನಲ್ಲಿ ಕರಗುವುದರಿಂದ ಹಾಲು, ಮೀನು, ಮಾಂಸಗಳ ಮೂಲಕ ದೇಹವನ್ನು ಸೇರಿ ವರ್ಷಗಟ್ಟಲೆ ಉಳಿಯುತ್ತವೆ. ಹೊಗೆಯ ಸೂಕ್ಷ್ಮ ಕಣಗಳು ದಮ್ಮಿನ ರೋಗಿಗಳಿಗೂ ಎಳೆಯ ಮಕ್ಕಳಿಗೂ ತಕ್ಷಣವೇ ತೊಂದರೆಯನ್ನುಂಟುಮಾಡುತ್ತವೆ. ಸುಟ್ಟ ಕಸವು ಇಲ್ಲವಾಗುವುದಿಲ್ಲ, ಉಸಿರಿನಲ್ಲಿ ಸೇರುತ್ತದೆ, ಅಷ್ಟೆ.

ಆಸ್ಪತ್ರೆಯ ಕಸ, ಮನೆಯ ರೋಗಿಯ ಕಸ

ಆಸ್ಪತ್ರೆ, ಪ್ರಯೋಗಶಾಲೆ, ರಕ್ತನಿಧಿಗಳಿಂದ ಹೊರಡುವ ಸೂಜಿ, ಸಿರಿಂಜು, ರಕ್ತ ಮೆತ್ತಿದ ಹತ್ತಿ, ಕತ್ತರಿಸಿ ತೆಗೆದ ಅಂಗಭಾಗ ಇವು ಜೈವಿಕ ವೈದ್ಯಕೀಯ ತ್ಯಾಜ್ಯಗಳು. ಇವುಗಳಿಗಾಗಿ 1998ರಲ್ಲಿ ಪ್ರತ್ಯೇಕ ನಿಯಮಗಳು ಬಂದವು. 2016ರಲ್ಲಿ ಅವು ಪರಿಷ್ಕೃತವಾಗಿ ಹಳದಿ, ಕೆಂಪು, ಬಿಳಿ, ನೀಲಿ ಬಣ್ಣಗಳ ಸಂಚಿ ಪೆಟ್ಟಿಗೆಗಳಲ್ಲಿ ಬೇರ್ಪಡಿಸುವ ಕ್ರಮವು ನಿಗದಿಯಾಯಿತು. ಕ್ರಮ ತಪ್ಪಿದರೆ ಆಗುವುದೇನೆಂಬುದನ್ನು 2009ರಲ್ಲಿ ಗುಜರಾತಿನ ಮೊಡಾಸ ಪಟ್ಟಣವು ತೋರಿಸಿಕೊಟ್ಟಿತು. ಬಳಸಿದ ಸೂಜಿ ಸಿರಿಂಜುಗಳು ಮತ್ತೆ ಬಳಕೆಗೆ ಬಂದು ಹೆಪಟೈಟಿಸ್ ಬಿ ಎಂಬ ಕಾಮಾಲೆಯು ಹರಡಿ ಅನೇಕರು ಮರಣಹೊಂದಿದರು. ಕಸವಾಗಿ ಹೋಗಬೇಕಾದ ಒಂದು ವಸ್ತುವು ಮತ್ತೆ ಔಷಧದ ಹಾದಿಗೆ ಬಂದುದರ ಫಲವಿದು.

ಈ ಜಾತಿಯ ಕಸ ಆಸ್ಪತ್ರೆಯಲ್ಲಿ ಮಾತ್ರ ಹುಟ್ಟುವುದೆಂದು ಭಾವಿಸಲಾಗದು. ಸಕ್ಕರೆ ಕಾಯಿಲೆಯವರು ಮನೆಯಲ್ಲಿಯೇ ಇನ್ಸುಲಿನ್ ಚುಚ್ಚಿಕೊಳ್ಳುವುದು ಇಂದು ಸಾಮಾನ್ಯವಾಗಿದೆ. ಆ ಸೂಜಿಯನ್ನು ಸಿಪ್ಪೆಯ ಡಬ್ಬಕ್ಕೆ ಎಸೆದರೆ ಮರುದಿನ ಅದು ಚುಚ್ಚುವುದು ಬರಿಗೈಯಲ್ಲಿ ಕಸ ಬೇರ್ಪಡಿಸುವ ಒಬ್ಬ ಹೆಂಗಸಿನ ಬೆರಳಿಗೆ. ಆ ಬೆರಳಿನ ಮೂಲಕ ಕಾಮಾಲೆಯೋ ಎಚ್.ಐ.ವಿ.ಯೋ ದೇಹವನ್ನು ಹೊಗಬಹುದು. ಗಟ್ಟಿಯಾದ ಪ್ಲಾಸ್ಟಿಕ್ ಡಬ್ಬಿಯೊಂದರಲ್ಲಿ ಸೂಜಿಗಳನ್ನು ಕೂಡಿಟ್ಟು, ಮುಚ್ಚಳವನ್ನು ಬಿಗಿದು, ಗುರುತು ಬರೆದು ಬೇರೆಯಾಗಿ ಕೊಡುವುದು ಕಷ್ಟವೇನಲ್ಲ. ಸ್ತ್ರೀಯರ ತಿಂಗಳ ಪ್ಯಾಡುಗಳೂ ಮಕ್ಕಳ ಡಯಾಪರುಗಳೂ ಇದೇ ರೀತಿ ಕಾಗದದಲ್ಲಿ ಸುತ್ತಿ ಬೇರೆಯಾಗಿಯೇ ಹೋಗಬೇಕು. ಸುತ್ತಿದ ಕಾಗದದ ಮೇಲೆ ಒಂದು ಕೆಂಪು ಚುಕ್ಕೆಯಿಟ್ಟು ಕೊಡಿರೆಂದು ಪುಣೆಯ ಕಸ ಆಯುವ ಹೆಂಗಸರು ಮನೆಮನೆಗೂ ಬೇಡಿಕೊಂಡಿದ್ದಾರೆ. ಬಿಚ್ಚಿ ನೋಡುವ ಹೀನಾಯದಿಂದ ಪಾರಾಗಲು ಅವರು ಕೇಳಿದ್ದು ಅಷ್ಟೇ.

ಕಣ್ಣಿಗೆ ಕಾಣದ ವಿಷಗಳು

ಕೆಟ್ಟುಹೋದ ಟ್ಯೂಬ್‌ಲೈಟು, ಹಳೆಯ ಥರ್ಮಾಮೀಟರು, ಬ್ಯಾಟರಿ, ಬಣ್ಣದ ಡಬ್ಬ, ಕೀಟನಾಶಕದ ಬಾಟಲಿ, ಮೊಬೈಲು, ಕಂಪ್ಯೂಟರುಗಳು ತೂಕದಲ್ಲಿ ಅಲ್ಪವಾದರೂ ಅಪಾಯದಲ್ಲಿ ದೊಡ್ಡವು. ಟ್ಯೂಬ್‌ಲೈಟಿನಲ್ಲಿಯೂ ಹಳೆಯ ಥರ್ಮಾಮೀಟರಿನಲ್ಲಿಯೂ ಪಾದರಸವಿರುತ್ತದೆ. ಅದು ನೀರನ್ನು ಸೇರಿದರೆ ಅಲ್ಲಿಯ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸವಾಗಿ ಮಾರ್ಪಡಿಸುತ್ತವೆ. ಸಣ್ಣ ಮೀನಿನಿಂದ ದೊಡ್ಡ ಮೀನಿಗೆ, ದೊಡ್ಡ ಮೀನಿನಿಂದ ಮನುಷ್ಯನಿಗೆ ಅದು ಹಂತಹಂತವಾಗಿ ಸಾಂದ್ರವಾಗುತ್ತ ಬರುತ್ತದೆ. ಜಪಾನಿನ ಮಿನಮಾಟಾ ಎಂಬಲ್ಲಿ ಕಾರ್ಖಾನೆಯೊಂದು ಕೊಲ್ಲಿಗೆ ಬಿಟ್ಟ ಪಾದರಸದಿಂದ ನರಗಳು ನಾಶವಾದ ರೋಗಿಗಳು 1956ರಲ್ಲಿ ಬೆಳಕಿಗೆ ಬಂದರು. ಭಾರತದಲ್ಲಿಯೇ ಕೊಡೈಕೆನಾಲಿನ ಥರ್ಮಾಮೀಟರ್ ಕಾರ್ಖಾನೆಯ ಪಾದರಸ ಮೆತ್ತಿದ ಗಾಜಿನ ಚೂರುಗಳು ಊರಿನ ಗುಜರಿ ಅಂಗಡಿಯಲ್ಲಿ ರಾಶಿಬಿದ್ದಿದ್ದುದು 2001ರಲ್ಲಿ ಪತ್ತೆಯಾಗಿ, ಆ ಕಾರ್ಖಾನೆಯು ಮುಚ್ಚಿತು.

ವಾಹನದ ಬ್ಯಾಟರಿಯಲ್ಲಿ ಸೀಸವುಂಟು. ಅಂಗಳದಲ್ಲಿ ಬ್ಯಾಟರಿಯನ್ನು ಒಡೆದು ಕರಗಿಸುವ ಕಡೆ ಸೀಸದ ಧೂಳು ಮಣ್ಣಿನಲ್ಲಿ ನೆಲೆಸುತ್ತದೆ. ಮಣ್ಣಿನಲ್ಲಿ ಆಡಿ, ಕೈಯನ್ನು ಬಾಯಿಗಿಡುವ ಮಕ್ಕಳಿಗೆ ಅದು ಸೇರುತ್ತದೆ. ಬೆಳೆಯುವ ಮೆದುಳಿಗೆ ಸೀಸವು ಮಾಡುವ ಹಾನಿಯನ್ನು ಮುಂದೆ ಯಾವ ಔಷಧವೂ ಸರಿಪಡಿಸಲಾರದು. ತಾಮ್ರಕ್ಕಾಗಿ ವೈರುಗಳನ್ನು ಸುಡುವವರೂ, ಚಿನ್ನದ ಕಣಗಳಿಗಾಗಿ ಕಂಪ್ಯೂಟರಿನ ಹಲಗೆಗಳನ್ನು ಆಮ್ಲದಲ್ಲಿ ಅದ್ದುವವರೂ ದಿನದ ಕೂಲಿಗಾಗಿ ಶ್ವಾಸಕೋಶವನ್ನು ಒತ್ತೆಯಿಟ್ಟವರೇ ಆಗಿದ್ದಾರೆ.

ತಾನು ಮಾರುತ್ತಿರುವುದೇನೆಂದು ತಿಳಿಯದೆ ಮಾರುವುದು ಎಷ್ಟು ಭಯಂಕರವೆಂಬುದಕ್ಕೆ ದಿಲ್ಲಿಯ ಮಾಯಾಪುರಿಯ ಘಟನೆಯು ಸಾಕ್ಷಿ. ವಿದ್ಯಾಸಂಸ್ಥೆಯೊಂದರಲ್ಲಿ ಬಹುಕಾಲ ಬಳಕೆಯಿಲ್ಲದೆ ಬಿದ್ದಿದ್ದ, ಕೋಬಾಲ್ಟ್-60 ಎಂಬ ವಿಕಿರಣವಸ್ತುವಿದ್ದ ಯಂತ್ರವೊಂದು 2010ರಲ್ಲಿ ಹಳೆಯ ಕಬ್ಬಿಣವೆಂದು ಹರಾಜಾಯಿತು. ಗುಜರಿ ಮಾರುಕಟ್ಟೆಯಲ್ಲಿ ಅದನ್ನು ಬಿಚ್ಚಿದವರು ಕಾಯಿಲೆಬಿದ್ದರು. ಒಬ್ಬ ಕಾರ್ಮಿಕನು ಅಸುನೀಗಿದನು. ಓದಿದವರು ಎಸೆದುದನ್ನು ಓದದವರು ಕೈಯಾರೆ ಮುಟ್ಟಿದರು.

ನೀರಿನೊಡನೆ ಹರಿದುಹೋಗುವ ತ್ಯಾಜ್ಯ

ಘನವಾದ ಕಸವಾದರೂ ಕಣ್ಣಿಗೆ ಕಾಣಿಸುತ್ತದೆ. ಮೋರಿಯಲ್ಲಿ ಹರಿದುಹೋದುದು ಮರೆತೇಹೋಗುತ್ತದೆ. ಶೌಚಾಲಯ, ಬಚ್ಚಲು, ಬಟ್ಟೆ ಪಾತ್ರೆ ತೊಳೆದ ನೀರು ಇವು ಕೊಳಚೆ ನೀರಿನ ಮೂಲ. ಶುದ್ಧೀಕರಣವಾಗದೆ ಅದು ಕೆರೆಯನ್ನು ಸೇರಿದರೆ ಅದರಲ್ಲಿನ ಸಾವಯವ ಕಲ್ಮಷವನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತವೆ, ಮೀನುಗಳು ಸಾಯುತ್ತವೆ. ಬೆಂಗಳೂರಿನ ಬೆಳ್ಳಂದೂರು ಕೆರೆಗೆ ಕೊಳಚೆಯೊಡನೆ ಸಾಬೂನು ಪುಡಿಯ ರಾಸಾಯನಿಕಗಳೂ ಸೇರಿ, ನೊರೆಯು ರಸ್ತೆಯ ಮೇಲೆ ಹಾರಾಡಿತು. 2015ರಲ್ಲಿಯೂ ಅನಂತರವೂ ಆ ಕೆರೆಯಲ್ಲಿ ಬೆಂಕಿ ಕಾಣಿಸಿಕೊಂಡಿತು. ನೀರಿಗೇ ಬೆಂಕಿ ಹತ್ತಿತೆಂದು ಜನ ಬೆರಗಾದರು.

ಕಾರ್ಖಾನೆಗಳ ದ್ರವತ್ಯಾಜ್ಯದ ಅಪಾಯವು ಇನ್ನೂ ಸೂಕ್ಷ್ಮವಾದುದು. ಹೈದರಾಬಾದಿನ ಬಳಿಯ ಪಟನ್‌ಚೆರು ಪ್ರದೇಶದಲ್ಲಿ ಅನೇಕ ಔಷಧ ಕಾರ್ಖಾನೆಗಳ ನೀರನ್ನು ಒಟ್ಟಾಗಿ ಶುದ್ಧೀಕರಿಸುವ ಘಟಕವೊಂದರಿಂದ ಹೊರಬಿದ್ದ ನೀರನ್ನು ಸ್ವೀಡನ್ನಿನ ವಿಜ್ಞಾನಿಗಳು ಪರೀಕ್ಷಿಸಿ 2007ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸಿಪ್ರೊಫ್ಲಾಕ್ಸಸಿನ್ ಎಂಬ ಪ್ರತಿಜೀವಕ ಔಷಧವು ಅದರಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೂ ಇದ್ದಿತು. ಅಂದರೆ ಆ ಮಾತ್ರೆಯನ್ನು ಸೇವಿಸಿದ ರೋಗಿಯ ರಕ್ತದಲ್ಲಿ ಇರುವುದಕ್ಕಿಂತಲೂ ಹೆಚ್ಚು. ಅಂತಹ ನೀರಿನಲ್ಲಿ ಬದುಕಿ ಉಳಿಯುವ ರೋಗಾಣುವು ಆ ಔಷಧಕ್ಕೆ ಬಗ್ಗದ ರೋಗಾಣುವೇ ಆಗಿರುತ್ತದೆ. ಮುಂದೆ ನಿಜವಾಗಿ ಕಾಯಿಲೆಯಾದವನಿಗೆ ಆ ಮಾತ್ರೆಯು ಕೆಲಸಮಾಡುವುದಿಲ್ಲ. ಉಳಿದ ಮಾತ್ರೆ, ಸಿರಪ್ಪುಗಳನ್ನು ಶೌಚಾಲಯಕ್ಕೆ ಸುರಿಯುವುದು ಇದೇ ತಪ್ಪಿನ ಕಿರಿಯ ರೂಪವಾದುದರಿಂದ ಅದನ್ನೂ ವರ್ಜಿಸಬೇಕು.

ಕಟ್ಟಡಗಳನ್ನು ಒಡೆದ ಇಟ್ಟಿಗೆ, ಗಾರೆ, ಕಾಂಕ್ರೀಟುಗಳನ್ನೂ ಇಲ್ಲಿ ಹೆಸರಿಸಬೇಕು. ಮನೆಯ ದುರಸ್ತಿಯಾದಾಗ ಗೋಣಿಚೀಲಗಳಲ್ಲಿ ತುಂಬಿ ರಾತ್ರಿಯ ವೇಳೆ ನಾಲೆಯ ಬದಿಗೆ ಸುರಿಯುವುದರಿಂದ ನೀರಿನ ಹಾದಿ ಕಟ್ಟುತ್ತದೆ. ಅದರ ಧೂಳಿನಲ್ಲಿರುವ ಸಿಲಿಕಾ ಕಣಗಳು ಕಾರ್ಮಿಕರ ಶ್ವಾಸಕೋಶವನ್ನು ಗಡುಸುಗೊಳಿಸುತ್ತವೆ. ಶುದ್ಧವಾಗಿ ಬೇರ್ಪಡಿಸಿದ ಇದೇ ವಸ್ತುವನ್ನು ಪುಡಿಮಾಡಿ ಮರಳಿ ಕಟ್ಟಡ ಕೆಲಸಕ್ಕೆ ಬಳಸಬಹುದು. ಅದಕ್ಕಾಗಿ 2016ರಲ್ಲಿ ಪ್ರತ್ಯೇಕ ನಿಯಮಗಳೂ ರಚಿತವಾದವು.

ಭಾರ ಹೊರುವವರು ಯಾರು?

ಕಸವನ್ನು ಹುಟ್ಟಿಸುವುದರಲ್ಲಿ ಉಳ್ಳವರ ಪಾಲು ಹೆಚ್ಚು, ಅದರ ಹೊಗೆಯನ್ನು ಕುಡಿಯುವುದರಲ್ಲಿ ಇಲ್ಲದವರ ಪಾಲು ಹೆಚ್ಚು. ದೇವನಾರಿನ ಪಕ್ಕದ ಗೋವಂಡಿ, ಶಿವಾಜಿನಗರಗಳಲ್ಲಿ ವಾಸಿಸುವವರು ನಗರದ ಅತಿ ಬಡವರ ಸಾಲಿಗೆ ಸೇರಿದವರು. ಅವರಲ್ಲಿ ಅನೇಕರ ಜೀವನೋಪಾಯವೂ ಆ ಗುಡ್ಡವೇ ಆಗಿದೆ. ನಗರದ ಒಣಕಸದಲ್ಲಿ ಮರುಬಳಕೆಗೆ ಹೋಗುವುದರ ದೊಡ್ಡ ಭಾಗವನ್ನು ಆಯ್ದು ಕೊಡುವವರು ಈ ಜನರೇ. ಸಂಬಳವಿಲ್ಲದೆ, ಕೈಗವಸಿಲ್ಲದೆ ನಡೆದುಬಂದ ಈ ಸೇವೆಗೆ ನಗರಗಳು ಬಹುಕಾಲ ಹೆಸರನ್ನೇ ಕೊಟ್ಟಿರಲಿಲ್ಲ.

ಪುಣೆಯಲ್ಲಿ ಕಸ ಆಯುವವರು 1993ರಲ್ಲಿ ಸಂಘಟಿತರಾದರು. ಆ ಸಂಘದಿಂದ ಮುಂದೆ ರೂಪುಗೊಂಡ 'ಸ್ವಚ್ಛ' ಎಂಬ ಸಹಕಾರಿ ಸಂಸ್ಥೆಯ ಸದಸ್ಯರು ಪಾಲಿಕೆಯೊಡನೆ ಒಪ್ಪಂದ ಮಾಡಿಕೊಂಡು ಮನೆಬಾಗಿಲಿನಿಂದಲೇ ಕಸವನ್ನು ಪಡೆದು ಬೇರ್ಪಡಿಸತೊಡಗಿದರು. ಗುಡ್ಡದ ಮೇಲೆ ಕೆದಕುವುದಕ್ಕೂ ಬಾಗಿಲಲ್ಲಿ ನಿಂತು ಗೌರವದಿಂದ ಪಡೆಯುವುದಕ್ಕೂ ಇರುವ ವ್ಯತ್ಯಾಸವು ಆ ಹೆಂಗಸರ ಆರೋಗ್ಯದಲ್ಲಿಯೂ ಬದುಕಿನಲ್ಲಿಯೂ ವ್ಯಕ್ತವಾಗತಕ್ಕದ್ದು. ಆದರೆ ಮನೆಯವರು ಬೇರ್ಪಡಿಸಿ ಕೊಟ್ಟಾಗ ಮಾತ್ರ ಅದು ಪೂರ್ಣವಾದೀತು.

ಮನೆಯಲ್ಲಿ ಅನುಸರಿಸಬೇಕಾದ ಕ್ರಮ

2016ರಲ್ಲಿ ಹೊರಬಂದ ಘನತ್ಯಾಜ್ಯ ನಿಯಮಗಳು ಕಸ ಹುಟ್ಟಿದ ಸ್ಥಳದಲ್ಲಿಯೇ ಹಸಿ, ಒಣ, ಅಪಾಯಕಾರಿ ಎಂದು ಬೇರ್ಪಡಿಸುವುದನ್ನು ಮನೆಯವರ ಕರ್ತವ್ಯವನ್ನಾಗಿ ಮಾಡಿದವು. ಬೆಂಗಳೂರಿನಲ್ಲಿ 2015ರಲ್ಲಿಯೇ ಹೈಕೋರ್ಟಿನ ಆದೇಶದಿಂದ 'ಎರಡು ಬುಟ್ಟಿ, ಒಂದು ಚೀಲ'ವೆಂಬ ಕ್ರಮ ಬಂದಿತ್ತು: ಹಸಿಕಸಕ್ಕೆ ಹಸಿರು ಬುಟ್ಟಿ, ಪ್ಯಾಡು ಡಯಾಪರು ಮೊದಲಾದುವಕ್ಕೆ ಕೆಂಪು ಬುಟ್ಟಿ, ಒಣಕಸಕ್ಕೆ ಚೀಲ. ಚಿಕ್ಕ ಖೋಲಿಯಲ್ಲಿಯೂ ಇದಕ್ಕೆ ಸ್ಥಳವಾಗದೆ ಇರದು. ಮನೆಯವರು ನೆನಪಿಡಬೇಕಾದ ಅಂಶಗಳು ಇಷ್ಟು.

ಒಂದು: ಹಸಿಕಸವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟದೆ ಬುಟ್ಟಿಗೇ ಹಾಕಬೇಕು. ಕೆಳಗೆ ಹಳೆಯ ಪತ್ರಿಕೆಯ ಹಾಳೆಯೊಂದನ್ನು ಹಾಸಿದರೆ ಸಾಕು.

ಎರಡು: ಹಾಲಿನ ಚೀಲ, ಎಣ್ಣೆಯ ಡಬ್ಬಿಗಳನ್ನು ಪಾತ್ರೆ ತೊಳೆದುಳಿದ ನೀರಿನಲ್ಲಿ ಅಲುಬಿ, ಒಣಗಿಸಿ ಒಣಕಸದ ಚೀಲಕ್ಕೆ ಹಾಕಬೇಕು.

ಮೂರು: ಸೂಜಿ, ಬ್ಲೇಡು, ಒಡೆದ ಗಾಜುಗಳನ್ನು ಗಟ್ಟಿ ಡಬ್ಬಿಯಲ್ಲಿಟ್ಟು ಗುರುತು ಬರೆದು ಕೊಡಬೇಕು. ಪ್ಯಾಡು ಡಯಾಪರುಗಳನ್ನು ಕಾಗದದಲ್ಲಿ ಸುತ್ತಬೇಕು.

ನಾಲ್ಕು: ಬ್ಯಾಟರಿ, ಟ್ಯೂಬ್‌ಲೈಟು, ಹಳೆಯ ಮೊಬೈಲುಗಳನ್ನು ಒಂದೆಡೆ ಕೂಡಿಟ್ಟು, ಅವುಗಳನ್ನು ಸ್ವೀಕರಿಸುವ ಕೇಂದ್ರಕ್ಕೆ ಒಪ್ಪಿಸಬೇಕು. ಟ್ಯೂಬ್‌ಲೈಟು ಒಡೆದರೆ ಕಿಟಕಿಗಳನ್ನು ತೆರೆದು ಸ್ವಲ್ಪ ಹೊತ್ತು ಹೊರಗಿದ್ದು, ಅನಂತರ ರಟ್ಟಿನ ತುಂಡಿನಿಂದ ಚೂರುಗಳನ್ನು ಎತ್ತಬೇಕು. ಕಸಪೊರಕೆಯಿಂದ ಗುಡಿಸಬಾರದು.

ಐದು: ಕಸಕ್ಕೆ ಎಂದಿಗೂ ಬೆಂಕಿಯಿಡಬಾರದು, ಇಡಲು ಬಿಡಲೂ ಬಾರದು.

ಬಿಸಿಲು ಗಾಳಿಗಳುಳ್ಳ ಬಾಲ್ಕನಿ ಅಥವಾ ತಾರಸಿ ಇದ್ದವರು ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ತಳದಲ್ಲಿಯೂ ಪಕ್ಕದಲ್ಲಿಯೂ ತೂತುಗಳುಳ್ಳ ಮಣ್ಣಿನ ಕುಂಡದಲ್ಲಿ ಒಂದು ಪದರ ಒಣಎಲೆ ಅಥವಾ ತೆಂಗಿನ ನಾರಿನ ಪುಡಿ, ಅದರ ಮೇಲೆ ದಿನದ ಸಿಪ್ಪೆ, ಮತ್ತೆ ಒಣಎಲೆ, ಹಾಗೆ ಹಾಕುತ್ತ ಬಂದು, ವಾರಕ್ಕೆರಡು ಬಾರಿ ಕೋಲಿನಿಂದ ಕೆದಕಬೇಕು. ಮೊದಲ ಬಾರಿ ಒಂದು ಹಿಡಿ ಹಳೆಯ ಗೊಬ್ಬರವನ್ನೋ ಹುಳಿ ಮಜ್ಜಿಗೆಯನ್ನೋ ಬೆರೆಸಿದರೆ ಕೊಳೆಯುವಿಕೆ ಚುರುಕಾಗುತ್ತದೆ. ನಾರಿದರೆ ತೇವ ಹೆಚ್ಚಾಗಿದೆಯೆಂದು ತಿಳಿದು ಒಣಎಲೆಯನ್ನು ಹೆಚ್ಚಿಸಬೇಕು. ಎರಡು ಮೂರು ತಿಂಗಳಲ್ಲಿ ತುಳಸಿಗೂ ಕರಿಬೇವಿನ ಗಿಡಕ್ಕೂ ಬೇಕಾದ ಗೊಬ್ಬರವು ಸಿದ್ಧವಾಗುತ್ತದೆ. ಇದೇ ಕೆಲಸವನ್ನು ಊರಿನ ಮಟ್ಟದಲ್ಲಿ ಮಾಡುವ ಉದ್ದೇಶದಿಂದ ಕರ್ನಾಟಕದಲ್ಲಿ 1975ರಲ್ಲಿಯೇ ಕಾಂಪೋಸ್ಟ್ ಅಭಿವೃದ್ಧಿ ನಿಗಮವೊಂದು ಸ್ಥಾಪಿತವಾಗಿತ್ತು. ನಗರದ ಕಸವು ರೈತನ ಹೊಲಕ್ಕೆ ಹಿಂತಿರುಗಬೇಕೆಂಬ ಆಲೋಚನೆಯು ಹೊಸದೇನಲ್ಲ. ಆ ಗೊಬ್ಬರದಲ್ಲಿ ಗಾಜು, ಪ್ಲಾಸ್ಟಿಕ್ಕಿನ ಚೂರುಗಳಿದ್ದರೆ ರೈತನು ಅದನ್ನು ಮುಟ್ಟನೆಂಬುದು ಮಾತ್ರ ನಿಜ.

ಕನ್ನಡ ಸಂಘಗಳೂ ಇದರಲ್ಲಿ ಮಾದರಿಯಾಗಬಹುದು. ರಾಜ್ಯೋತ್ಸವ, ಯುಗಾದಿ, ಗಣೇಶೋತ್ಸವದ ಸಂತರ್ಪಣೆಗಳಲ್ಲಿ ನೂರಾರು ಜನ ಒಟ್ಟಿಗೆ ಉಣ್ಣುತ್ತಾರೆ. ಥರ್ಮೋಕೋಲ್ ತಟ್ಟೆಯ ಬದಲು ಬಾಳೆಯೆಲೆಯನ್ನೋ ಮುತ್ತುಗದ ಎಲೆಯನ್ನೋ ಹಾಕಿ, ಪ್ಲಾಸ್ಟಿಕ್ ಬಾಟಲಿಯ ಬದಲು ಸ್ಟೀಲಿನ ಲೋಟವನ್ನಿಟ್ಟು, ಉಂಡೆದ್ದವರು ಎಲೆಯನ್ನು ಒಂದೆಡೆ, ಕಾಗದವನ್ನು ಇನ್ನೊಂದೆಡೆ ಹಾಕುವಂತೆ ಎರಡು ಬುಟ್ಟಿಗಳನ್ನಿಟ್ಟರೆ, ಅಲ್ಲಿಗೆ ಬಂದ ಮಕ್ಕಳು ಉಪನ್ಯಾಸವಿಲ್ಲದೆಯೇ ಈ ಪಾಠವನ್ನು ಕಲಿಯುತ್ತಾರೆ.

ಊರಿನ ತಿಪ್ಪೆಯನ್ನು ಮಹಾನಗರಕ್ಕೆ ಹೊತ್ತುತರುವುದು ಸಾಧ್ಯವಿಲ್ಲ. ಅದರ ಅಗತ್ಯವೂ ಇಲ್ಲ. ಆದರೆ ಅದರ ಹಿಂದಿದ್ದ ವಿವೇಕವನ್ನು ತರಬಹುದು. ಮಣ್ಣಿಗೆ ಹೋಗತಕ್ಕದ್ದನ್ನು ಮಣ್ಣಿಗೂ, ಗುಜರಿಗೆ ಹೋಗತಕ್ಕದ್ದನ್ನು ಗುಜರಿಗೂ ಕಳುಹಿಸಿ, ಯಾರ ಕೈಗೂ ಚುಚ್ಚಬಾರದ್ದನ್ನು ಜೋಪಾನವಾಗಿ ಬೇರೆಯಿಡುವುದೇ ಆ ವಿವೇಕ. ಅದಕ್ಕೆ ದಿನಕ್ಕೆ ಐದು ನಿಮಿಷಗಳಿಗಿಂತ ಹೆಚ್ಚು ಬೇಕಾಗದು. ಆ ಐದು ನಿಮಿಷಗಳನ್ನು ಉಳಿಸಿದ ಮನೆಯ ಕಸವು ಗುಡ್ಡವನ್ನು ಸೇರಿ, ಹೊತ್ತಿ, ಹೊಗೆಯಾಗಿ ಅದೇ ಮನೆಯ ಕಿಟಕಿಯಿಂದ ಒಳಗೆ ಬರುತ್ತದೆಂಬುದನ್ನು ಮರೆಯಲಾಗದು.